ರೋಗಿಯನ್ನು ನೋಡಿಕೊಳ್ಳುವವರಿಗೆ ಕೋಚಿಂಗ್: ಎಂಟು ಭೇಟಿಗಳ ಕ್ರಮ

ಲಕ್ವ ಹೊಡೆದ ಗಂಡ, ಮರೆವಿನ ಕಾಯಿಲೆಯ ಅತ್ತೆ, ಹುಟ್ಟಿನಿಂದಲೂ ನಡೆಯಲಾಗದ ಮಗ. ಇಂಥವರನ್ನು ಮನೆಯಲ್ಲೇ ವರ್ಷಗಟ್ಟಲೆ ನೋಡಿಕೊಳ್ಳುತ್ತಿರುವ ಓದುಗರು ಕೇಳುವುದು ಹೆಚ್ಚುಕಮ್ಮಿ ಒಂದೇ ಮಾತು: ರೋಗಿಗೆ ಎಂತ ಮಾಡಬೇಕು ಹೇಳಿ ಡಾಕ್ಟರು ಹೇಳುತ್ತಾರೆ, ನನಗೆ ನಾನು ಎಂತ ಮಾಡಿಕೊಳ್ಳಬೇಕು? ಅದರ ಬೆನ್ನಿಗೇ ಇನ್ನೊಂದು ಪ್ರಶ್ನೆ. ಆರೈಕೆ ಮಾಡುವವರಿಗೂ ಕೋಚಿಂಗ್ ಇದೆಯಂತಲ್ಲ, ಅದು ಶಿರಸಿ, ಕುಮಟಾ, ಕಾರವಾರದ ಕಡೆ ಸಿಗುತ್ತದೆಯೇ?

ಫೀಸು ತೆಗೆದುಕೊಂಡು ಈ ಕೆಲಸ ಮಾಡುವವರು ನಮ್ಮ ಜಿಲ್ಲೆಯಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆದರೆ ಕ್ರಮ ಗೊತ್ತಿದ್ದರೆ ನಂಬಿಕೆಯ ಒಬ್ಬರನ್ನು ಕೂರಿಸಿಕೊಂಡು ಇದನ್ನು ಊರಲ್ಲೇ ನಡೆಸಬಹುದು. ಹೇಗೆಂದು ಕೆಳಗೆ ಒಂದೊಂದೇ ಹಂತವಾಗಿ ಬರೆದಿದ್ದೇವೆ.

ಇಲ್ಲಿ ಕೋಚಿಂಗ್ ಎಂದರೆ ವಾರಕ್ಕೊಮ್ಮೆ ನಿಗದಿಯಾದ ಹೊತ್ತಿನಲ್ಲಿ ಒಬ್ಬರು ಪ್ರಶ್ನೆ ಕೇಳುತ್ತಾರೆ, ಆರೈಕೆ ಮಾಡುವವರು ಉತ್ತರ ಹುಡುಕಿ ಮುಂದಿನ ವಾರಕ್ಕೆ ಒಂದು ಸಣ್ಣ ಕೆಲಸ ಒಪ್ಪಿಕೊಳ್ಳುತ್ತಾರೆ. ಆಪ್ತಸಮಾಲೋಚನೆಯಲ್ಲಿ ಮನಸ್ಸಿನ ನೋವಿಗೆ ಒತ್ತು, ಇಲ್ಲಿ ಬರುವ ಏಳು ದಿನಗಳಿಗೆ ಒತ್ತು. ಎಂಟು ಭೇಟಿ ಎಂದು ನಾವು ಹೇಳುವುದಕ್ಕೆ ಒಂದು ಆಧಾರವಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತಂಡ ಡಿಮೆನ್ಷಿಯಾ (ಮರೆವಿನ ಕಾಯಿಲೆ) ರೋಗಿಗಳ ಮನೆಯವರಿಗಾಗಿ 'ಸ್ಟಾರ್ಟ್' ಎಂಬ ಎಂಟು ಭೇಟಿಗಳ ಕ್ರಮವನ್ನು ರೂಪಿಸಿ, 260 ಜನರ ಮೇಲೆ ಪರೀಕ್ಷಿಸಿ, 2013ರಲ್ಲಿ ಫಲಿತಾಂಶ ಪ್ರಕಟಿಸಿತು. ಭೇಟಿ ನಡೆಸಿದವರು ದೊಡ್ಡ ತಜ್ಞರಲ್ಲ, ತಜ್ಞರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದ ಮನಃಶಾಸ್ತ್ರ ಪದವೀಧರರು. ಆ ಕ್ರಮದಲ್ಲಿ ಹೋದವರಲ್ಲಿ ಖಿನ್ನತೆ, ಆತಂಕದ ಲಕ್ಷಣಗಳು ಉಳಿದವರಿಗಿಂತ ಕಡಿಮೆಯಾದವು. ನಾವು ಇಲ್ಲಿ ಹೇಳುವುದು ಅದರ ನಕಲಲ್ಲ. ಎಂಟು ಭೇಟಿಯ ಲೆಕ್ಕವನ್ನು ಮಾತ್ರ ಅಲ್ಲಿಂದ ತೆಗೆದುಕೊಂಡಿದ್ದೇವೆ.

ಮೊದಲು ಇದನ್ನು ನೋಡಿಕೊಳ್ಳಿ

ಕೋಚಿಂಗ್ ಚಿಕಿತ್ಸೆಯಲ್ಲ. ಶುರು ಮಾಡುವ ಮುನ್ನ ಎರಡು ಪ್ರಶ್ನೆಗೆ ಉತ್ತರ ಬರೆಯಿರಿ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗೆ ಎಷ್ಟು ದಿನ ಅನಿಸಿತು? ಮನಸ್ಸು ಕುಗ್ಗಿ, ಇನ್ನೇನೂ ಆಗುವುದಿಲ್ಲ ಎಂದು ಎಷ್ಟು ದಿನ ಅನಿಸಿತು? ಪ್ರತಿಯೊಂದಕ್ಕೂ ಅಂಕ ಕೊಡಿ: ಇಲ್ಲವೇ ಇಲ್ಲ ಅಂದರೆ 0, ಕೆಲವು ದಿನ 1, ಅರ್ಧಕ್ಕಿಂತ ಹೆಚ್ಚು ದಿನ 2, ಹೆಚ್ಚುಕಡಿಮೆ ದಿನವೂ 3. ಎರಡೂ ಸೇರಿ 3 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮೊದಲು ಡಾಕ್ಟರನ್ನು ಕಾಣಿ. ಕೋಚಿಂಗ್ ಆಮೇಲೆ ಅಥವಾ ಅದರ ಜೊತೆಗೆ ಆಗಲಿ.

ಸಾಯುವ ಯೋಚನೆ ಬರುತ್ತಿದ್ದರೆ, ರೋಗಿಯ ಮೇಲೆ ಕೈ ಎತ್ತುವಷ್ಟು ಸಿಟ್ಟು ಬರುತ್ತಿದ್ದರೆ, ಮುಂದಿನ ವಾರದ ಭೇಟಿಗೆ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ತೆರೆದಿರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಕಾರವಾರದ ಕ್ರಿಮ್ಸ್ ಆಸ್ಪತ್ರೆಯಲ್ಲಿ ಮನೋರೋಗ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆಂದು ಸರ್ಕಾರ ಮಾಡಿದ 'ಮನೋಚೈತನ್ಯ' ಕ್ಲಿನಿಕ್ ಮಂಗಳವಾರದ್ದು. ನಿಮ್ಮ ತಾಲ್ಲೂಕಿನಲ್ಲಿ ಡಾಕ್ಟರು ಯಾವ ಹೊತ್ತಿಗೆ ಬರುತ್ತಾರೆಂದು ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿಕೊಂಡೇ ಹೊರಡಿ.

ಬೇಕಾಗುವುದು

ನೂರು ಪುಟದ ಒಂದು ನೋಟ್‌ಬುಕ್. ವಾರಕ್ಕೆ 45 ನಿಮಿಷ. ರೋಗಿಗೆ ಮಾತು ಕೇಳಿಸದ ಜಾಗ. ಆ 45 ನಿಮಿಷ ರೋಗಿಯ ಹತ್ತಿರ ಕೂರುವ ಒಬ್ಬರು. ಕೊನೆಯದನ್ನು ಹೊಂದಿಸುವುದೇ ಕಷ್ಟ, ಅದಕ್ಕೆ ಮೊದಲೇ ಯೋಚನೆ ಮಾಡಿ. ಪಕ್ಕದ ಮನೆಯವರು ಶಾಲೆ ಬಿಟ್ಟ ಮೇಲೆ ಮಕ್ಕಳನ್ನು ಕರೆದುಕೊಂಡು ಬಂದು ಜಗಲಿಯ ಮೇಲೆ ಕೂತರೂ ಸಾಕು, ರೋಗಿ ಕರೆದದ್ದು ಅವರಿಗೆ ಕೇಳಿಸುವ ಹಾಗಿದ್ದರೆ ಆಯಿತು.

1. ಕೋಚ್ ಯಾರಾಗಬೇಕು

ಇಲ್ಲಿ ಎಡವಿದರೆ ಮುಂದಿನದೆಲ್ಲ ಹಾಳು. ಅದೇ ಮನೆಯವರು ಬೇಡ. ರೋಗಿಯ ಅಣ್ಣತಮ್ಮಂದಿರು, ಅಕ್ಕತಂಗಿಯರು ಬೇಡ, ಏಕೆಂದರೆ ಕೆಲಸ ಹಂಚುವ ಮಾತು ಬಂದಾಗ ಅವರೂ ಒಂದು ಪಕ್ಷವಾಗುತ್ತಾರೆ. ಆಸ್ತಿ, ಸಾಲದ ವ್ಯವಹಾರ ಇರುವವರು ಬೇಡವೇ ಬೇಡ. ನಿವೃತ್ತ ಅಕ್ಕೋರು ಅಥವಾ ಮಾಸ್ತರು, ಸ್ವಸಹಾಯ ಸಂಘದಲ್ಲಿ ಲೆಕ್ಕ ಬರೆಯುವವರು, ಮೊದಲು ಇಂಥದೇ ಆರೈಕೆ ಮಾಡಿ ಈಗ ಬಿಡುವಾಗಿರುವವರು ಒಳ್ಳೆಯ ಆಯ್ಕೆ. ಮುಖ್ಯವಾಗಿ ನೋಡಬೇಕಾದ್ದು ಎರಡು: ಒಂದು ಮನೆಯ ಮಾತನ್ನು ಇನ್ನೊಂದು ಮನೆಗೆ ಒಯ್ಯದವರು, ಮತ್ತು ಬುದ್ಧಿ ಹೇಳದೆ ಐದು ನಿಮಿಷ ಕೇಳಿಸಿಕೊಳ್ಳಬಲ್ಲವರು. ಎರಡನೆಯದನ್ನು ಪರೀಕ್ಷಿಸುವುದು ಸುಲಭ. ನಿಮ್ಮದೊಂದು ಸಣ್ಣ ತೊಂದರೆ ಹೇಳಿ ನೋಡಿ. ಮುಗಿಯುವುದರೊಳಗೆ "ನೀ ಹೀಗೆ ಮಾಡು" ಎಂದು ಶುರು ಮಾಡಿದರೆ ಅವರು ಒಳ್ಳೆಯ ನೆಂಟರೇ ಇರಬಹುದು, ಕೋಚ್ ಆಗಲಾರರು.

ದುಡ್ಡು ಕೊಟ್ಟು ಆನ್‌ಲೈನ್ ಕೋಚ್ ಇಟ್ಟುಕೊಳ್ಳುವವರಿಗೆ ಒಂದು ಮಾತು. ನಮ್ಮ ದೇಶದಲ್ಲಿ ಕೋಚ್ ಎಂದು ಬೋರ್ಡು ಹಾಕಿಕೊಳ್ಳಲು ಸರ್ಕಾರಿ ಪರವಾನಗಿ ಬೇಕಿಲ್ಲ, ಆದ್ದರಿಂದ ಕೇಳಿಯೇ ತಿಳಿಯಬೇಕು. ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಕೊಡುವ ಮೊದಲ ಹಂತದ ಪ್ರಮಾಣಪತ್ರಕ್ಕೆ ಕನಿಷ್ಠ 60 ಗಂಟೆ ತರಬೇತಿ, 100 ಗಂಟೆ ಕೋಚಿಂಗ್ ಅನುಭವ ಬೇಕು. ಅದು ಇದೆಯೇ, ಮನೆಯಲ್ಲಿ ಆರೈಕೆ ಮಾಡುವವರ ಜೊತೆ ಕೆಲಸ ಮಾಡಿದ್ದಾರೆಯೇ, ಎಂಟು ಭೇಟಿಗೆ ಒಟ್ಟು ಎಷ್ಟು ಎಂದು ಮೊದಲೇ ಕೇಳಿ. "ಖಿನ್ನತೆ ಗುಣಪಡಿಸುತ್ತೇನೆ" ಎನ್ನುವ ಕೋಚನ್ನು ಅಲ್ಲಿಗೇ ಬಿಡಿ.

2. ನಾಲ್ಕು ಕರಾರು

ಮೊದಲ ಭೇಟಿಯಲ್ಲೇ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ವಾರದ ಯಾವ ದಿನ, ಯಾವ ಹೊತ್ತು. ಇಲ್ಲಿ ಆಡಿದ್ದು ಹೊರಗೆ ಹೋಗುವುದಿಲ್ಲ, ಯಾರದ್ದಾದರೂ ಜೀವಕ್ಕೆ ಅಪಾಯವಿದ್ದಾಗ ಮಾತ್ರ ಬೇರೆ. ಔಷಧಿ, ಪಥ್ಯ, ವ್ಯಾಯಾಮದ ಬಗ್ಗೆ ಕೋಚ್ ಏನೂ ಹೇಳುವುದಿಲ್ಲ. ಒಂದು ವಾರ ತಪ್ಪಿದರೆ ಯಾವ ದಿನ ಸರಿದೂಗಿಸುವುದು.

ಸಹಿ ಹಾಕುವುದು ಶಿಷ್ಟಾಚಾರದ ಹಾಗೆ ಕಾಣಬಹುದು. ಆದರೆ ನಮ್ಮಲ್ಲಿ ಈ ಭೇಟಿಗಳು ನಿಂತುಹೋಗುವುದು ಜಗಳದಿಂದಲ್ಲ, ಇವತ್ತು ನೆಂಟರು ಬಂದರು, ನಾಳೆ ಶ್ರಾದ್ಧ, ನಾಡಿದ್ದು ಸೊಸೈಟಿ ಮೀಟಿಂಗು ಎಂದು ಮುಂದೆ ಹಾಕಿ ಹಾಕಿ. ಬರೆದಿಟ್ಟ ದಿನ ತಪ್ಪಿಸಲು ಸ್ವಲ್ಪ ಕಷ್ಟ.

3. ಏಳು ದಿನದ ಲೆಕ್ಕ

ಮೊದಲ ವಾರ ಏನನ್ನೂ ಬದಲಿಸಬೇಡಿ, ಬರೆಯುವುದಷ್ಟೇ. ಪುಟದಲ್ಲಿ ನಾಲ್ಕು ಗೆರೆ ಎಳೆದು ಹೊತ್ತು, ಕೆಲಸ, ಎಷ್ಟು ನಿಮಿಷ, ಆಮೇಲೆ ಎಷ್ಟು ಸುಸ್ತು ಎಂದು 0ರಿಂದ 10ರ ಅಂಕ ಬರೆಯಿರಿ. ಏಳನೇ ದಿನ ಒಂದೊಂದು ಕೆಲಸದ ಮುಂದೆಯೂ ಗುರುತು ಹಾಕಿ: ನಾನೇ ಮಾಡಬೇಕಾದ್ದು, ಬೇರೆಯವರೂ ಮಾಡಬಹುದಾದ್ದು, ಬಿಟ್ಟರೂ ನಡೆಯುವುದು.

ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪಾಗುತ್ತದೆ. ಒಂದು, ಏಳೂ ದಿನದ್ದನ್ನು ಕೊನೇ ರಾತ್ರಿ ಕೂತು ಬರೆಯುವುದು. ಆಗ ಸ್ನಾನ, ಊಟದಂಥ ದೊಡ್ಡ ಕೆಲಸ ನೆನಪಾಗುತ್ತದೆ, ಹತ್ತು ಸಲ ಕನ್ನಡಕ ಹುಡುಕಿಕೊಟ್ಟದ್ದು ಮರೆತುಹೋಗುತ್ತದೆ. ಇನ್ನೊಂದು, ಕೆಲಸ ಎಂದು ಕಾಣದ್ದನ್ನು ಬಿಡುವುದು. ಪಕ್ಕದ ಕೋಣೆಯ ಕೆಮ್ಮಿಗೆ ಕಿವಿ ಕೊಟ್ಟುಕೊಂಡೇ ಅರೆನಿದ್ದೆಯಲ್ಲಿ ರಾತ್ರಿ ಕಳೆಯುವುದೂ ದುಡಿಮೆಯೇ, ಬರೆಯಿರಿ. ಅಂಗಡಿಗೆ ಹೋದಾಗಲೂ ಫೋನ್ ಕೈಯಲ್ಲೇ ಹಿಡಿದಿರುವುದೂ ಅಷ್ಟೇ.

ಇದೇ ವಾರ ನಾಲ್ಕು ವಿಷಯಕ್ಕೆ 0ರಿಂದ 10ರ ಅಂಕ ಬರೆದಿಡಿ: ನಿದ್ದೆ, ಮೈಕೈ ನೋವು, ಸಿಟ್ಟು, ಯಾರೂ ಇಲ್ಲ ಎನ್ನುವ ಭಾವ. ಆಸ್ಪತ್ರೆಯಲ್ಲಿ ಆರೈಕೆಯ ಹೊರೆ ಅಳೆಯಲು 'ಜ್ಯಾರಿಟ್' ಎಂಬ 22 ಪ್ರಶ್ನೆಗಳ ಪಟ್ಟಿ ಬಳಸುತ್ತಾರೆ, ಒಂದೊಂದಕ್ಕೆ 0ರಿಂದ 4 ಅಂಕ. ಮನೆಯ ಮಟ್ಟಕ್ಕೆ ನಾಲ್ಕು ಅಂಕಗಳು ಸಾಕು, ಎಂಟನೇ ಭೇಟಿಯಲ್ಲಿ ಹೋಲಿಸಲು ಬೇಕಾಗುತ್ತವೆ.

4. ಗುರಿ ನಿಮ್ಮದಾಗಿರಲಿ

ಎರಡನೇ ಭೇಟಿಯಲ್ಲಿ ಗುರಿ. ಗುರಿ ಏನು ಎಂದು ಕೇಳಿದರೆ ಬಹಳ ಜನ ರೋಗಿಯ ಗುರಿ ಹೇಳುತ್ತಾರೆ: ಅವರು ಸರಿಯಾಗಿ ಊಟ ಮಾಡಬೇಕು, ಅತ್ತೆ ಕೂಗಾಡಬಾರದು. ಅವು ಒಳ್ಳೆಯ ಆಸೆಗಳು, ಆದರೆ ನಿಮ್ಮ ಕೈಯಲ್ಲಿಲ್ಲ. ಆರು ವಾರ ಕಷ್ಟಪಟ್ಟು ಅವು ಆಗದಿದ್ದಾಗ ನೀವೇ ಸೋತೆ ಎಂದುಕೊಳ್ಳುತ್ತೀರಿ.

ಗುರಿಯಲ್ಲಿ ನೀವು ಇರಬೇಕು, ದಿನ ಇರಬೇಕು, ಹೊತ್ತು ಇರಬೇಕು. "ಬುಧವಾರ, ಶನಿವಾರ ಸಂಜೆ 4ರಿಂದ 5 ಮನೆಯಿಂದ ಹೊರಗೆ." "ವಾರದಲ್ಲಿ ನಾಲ್ಕು ರಾತ್ರಿ ಎಡೆಬಿಡದೆ ಐದು ತಾಸು ನಿದ್ದೆ." "ಈ ತಿಂಗಳೊಳಗೆ ನನ್ನ ಬಿಪಿ, ಶುಗರ್ ತೋರಿಸಿಕೊಂಡು ಬರುವುದು." ಮೂರನೆಯದನ್ನು ನಾವು ಒತ್ತಿ ಹೇಳುತ್ತೇವೆ. ರೋಗಿಯ ಮಾತ್ರೆ ಒಂದು ಹೊತ್ತೂ ತಪ್ಪಿಸದವರು ತಮ್ಮ ಮಾತ್ರೆ ಮುಗಿದು ವಾರವಾದರೂ ತರಿಸಿಕೊಂಡಿರುವುದಿಲ್ಲ.

ಎಂಟು ಭೇಟಿಗೆ ಒಂದೇ ಗುರಿ ಸಾಕು, ಹೆಚ್ಚೆಂದರೆ ಎರಡು.

5. ವಾರದ ಮಾತುಕತೆ

ಮೂರನೇ ಭೇಟಿಯಿಂದ ಮುಂದೆ ಪ್ರತಿ ಸಲವೂ ಒಂದೇ ಕ್ರಮ. ಬ್ರಿಟನ್ನಿನ ಜಾನ್ ವಿಟ್‌ಮೋರ್ ಪ್ರಚಾರಕ್ಕೆ ತಂದ 'ಗ್ರೋ' ಎಂಬ ಈ ಕ್ರಮದಲ್ಲಿ ನಾಲ್ಕು ಮೆಟ್ಟಿಲು: ಗುರಿ, ಈಗಿನ ಸ್ಥಿತಿ, ದಾರಿಗಳು, ನಿರ್ಧಾರ. ಮೊದಲ 10 ನಿಮಿಷ ಕಳೆದ ವಾರ ಒಪ್ಪಿದ್ದು ಏನಾಯಿತು ಎಂಬುದಕ್ಕೆ, 10 ನಿಮಿಷ ಈಗಿನ ಸ್ಥಿತಿಗೆ, 15 ದಾರಿಗಳಿಗೆ, ಕೊನೆಯ 10 ನಿರ್ಧಾರಕ್ಕೆ.

ಬಾಯಿಯಲ್ಲಿ ಇದು ಹೇಗೆ ಬರುತ್ತದೆ ಎಂದು ಒಂದು ಮಾದರಿ ನೋಡಿ. ಮಾವನನ್ನು ನೋಡಿಕೊಳ್ಳುವ ಸೊಸೆ, ಕೋಚ್ ಆಗಿ ನಿವೃತ್ತ ಅಕ್ಕೋರು:

"ಈ ವಾರ ಯಾವುದೊಂದು ಬದಲಾದ್ರೆ ನಿಂಗೆ ಹಗುರ ಆಗ್ತದೆ?"
"ನಿದ್ದೆ ಅಕ್ಕೋರೆ. ರಾತ್ರಿ ಮೂರು ಸಲ ಏಳ್ತೇನೆ."
"ಮೂರು ಸಲ ಎಂತಕ್ಕೆ?"
"ಎರಡು ಸಲ ಮಗ್ಗಲು ಬದಲಿಸೂಕೆ, ಒಂದು ಸಲ ಉಚ್ಚೆಗೆ."
"ಅದ್ರಲ್ಲಿ ಬೇರೆಯವ್ರು ಮಾಡಬಹುದಾದ್ದು ಯಾವುದು?"
"ಹನ್ನೊಂದು ಗಂಟೆದು. ಇವ್ರು ಆ ಹೊತ್ತಿಗೆ ಟಿವಿ ನೋಡ್ತಾ ಎದ್ದೇ ಇರ್ತಾರೆ."
"ಕೇಳಿದ್ಯಾ?"
"ಇಲ್ಲ."
"ಯಾವಾಗ ಕೇಳ್ತೀ, ಎಂತ ಹೇಳಿ ಕೇಳ್ತೀ?"
"ನಾಳೆ ರಾತ್ರಿ ಊಟ ಆದ್ಮೇಲೆ. ಹನ್ನೊಂದರ ಮಗ್ಗಲು ನೀವು ಬದಲಿಸಿ, ನಾನು ಒಂಬತ್ತೂವರೆಗೆ ಮಲಗ್ತೇನೆ ಹೇಳಿ."
"ಇದು ಆಗ್ತದೆ ಹೇಳಿ ಹತ್ತರಲ್ಲಿ ಎಷ್ಟು ಧೈರ್ಯ?"
"ಐದು."
"ಏಳು ಆಗೂಕೆ ಎಂತ ಬೇಕು?"
"ಒಂದಿನ ಅವ್ರಿಗೆ ತೋರಿಸಿಕೊಡಬೇಕು. ದಿಂಬು ಎಲ್ಲಿ ಇಡೂದು ಅವ್ರಿಗೆ ಗೊತ್ತಿಲ್ಲ."

ಅಕ್ಕೋರು ಎಲ್ಲೂ "ಗಂಡನಿಗೆ ಹೇಳು" ಎನ್ನಲಿಲ್ಲ. ಹೇಳಿದ್ದರೆ "ಅವ್ರಿಗೆ ಅದೆಲ್ಲ ಆಗೂದಿಲ್ಲ" ಎಂಬ ಉತ್ತರ ಬಂದು ಮಾತು ಅಲ್ಲೇ ನಿಲ್ಲುತ್ತಿತ್ತು. ಧೈರ್ಯ ಎಷ್ಟು ಎಂದು ಕೇಳಿದ್ದರಿಂದ ದಿಂಬಿನ ಸಂಗತಿ ಹೊರಬಂತು. ಗಂಡ ಮಾಡದಿರುವುದು ಮನಸ್ಸಿಲ್ಲದೆ ಎಂದು ಅದುವರೆಗೆ ಅಂದುಕೊಂಡಿದ್ದಿರಬಹುದು, ಕಾರಣ ಬೇರೆಯೇ ಇತ್ತು. ಮಗ್ಗಲು ಎಷ್ಟು ತಾಸಿಗೊಮ್ಮೆ ಬದಲಿಸಬೇಕು ಎಂಬ ವಿಷಯಕ್ಕೂ ಅಕ್ಕೋರು ಕೈ ಹಾಕಲಿಲ್ಲ. ಅದು ನರ್ಸ್ ಅಥವಾ ಡಾಕ್ಟರು ಹೇಳಿದಂತೆಯೇ ನಡೆಯಬೇಕು, ಇಲ್ಲವಾದರೆ ಬೆನ್ನು, ಸೊಂಟದಲ್ಲಿ ಹುಣ್ಣಾಗುತ್ತದೆ.

ಕೋಚ್ ಆಗುವವರು ಪ್ರಶ್ನೆ ಕೇಳಿ ಸುಮ್ಮನಿರುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಹತ್ತು ಸೆಕೆಂಡಿನ ಮೌನ ಬಹಳ ಉದ್ದವೆನಿಸುತ್ತದೆ, ತುಂಬಿಸಲು ಹೋಗಬೇಡಿ. ಅಳು ಬಂದರೆ ಅಳಲು ಬಿಡಿ. ಆ ದಿನ ನಾಲ್ಕು ಮೆಟ್ಟಿಲು ಮುಗಿಯದಿದ್ದರೂ ಪರವಾಗಿಲ್ಲ. ಆದರೆ ಮೂರು ಭೇಟಿ ಬರೀ ಅಳುವುದರಲ್ಲೇ ಕಳೆದರೆ ಮೇಲೆ ಹೇಳಿದ ಎರಡು ಪ್ರಶ್ನೆಗಳನ್ನು ಮತ್ತೆ ಕೇಳಿ, ಡಾಕ್ಟರ ಹತ್ತಿರ ಕಳಿಸಿ.

6. ಏಳಕ್ಕಿಂತ ಕಡಿಮೆಯಾದರೆ ಹೆಜ್ಜೆ ಸಣ್ಣ ಮಾಡಿ

ಧೈರ್ಯದ ಅಂಕ 7ಕ್ಕಿಂತ ಕೆಳಗಿದ್ದರೆ ಆ ಕೆಲಸವನ್ನು ಒಪ್ಪಿಕೊಳ್ಳಬೇಡಿ. ಅರ್ಧ ಮಾಡಿ, ಮತ್ತೆ ಅಂಕ ಕೇಳಿ. ದಿನಾ ಅರ್ಧ ತಾಸು ನಡಿಗೆ ಆಗದು ಎಂದರೆ ವಾರಕ್ಕೆ ಎರಡು ಸಲ ತೋಟದ ದಣಪೆಯವರೆಗೆ ಹೋಗಿ ಬರುವುದು. ಜೊತೆಗೆ ಅಡ್ಡಿ ಬಂದರೆ ಏನು ಮಾಡುವುದೆಂದೂ ಬರೆದಿಡಿ: "ಮಳೆ ಬಂದರೆ ಹೊರಗಿನ ಜಗಲಿಯಲ್ಲೇ ಕೂತು ಚಹಾ ಕುಡಿಯುವುದು, ಒಳಗೆ ಬಂದು ಪಾತ್ರೆ ತೊಳೆಯುವುದಲ್ಲ."

ಒಪ್ಪಿದ್ದು ಆಗಲಿಲ್ಲವೆಂದರೆ ಕೋಚ್ "ಎಂತಕ್ಕೆ ಮಾಡ್ಲಿಲ್ಲ" ಎಂದು ಕೇಳಕೂಡದು. "ಎಂತ ಅಡ್ಡ ಬಂತು" ಎಂದು ಕೇಳಿ. ಮೊದಲನೆಯದಕ್ಕೆ ತಪ್ಪೊಪ್ಪಿಗೆ ಬರುತ್ತದೆ, ಎರಡನೆಯದಕ್ಕೆ ಮಾಹಿತಿ ಬರುತ್ತದೆ.

7. ದಾರಿಗಳ ಪಟ್ಟಿಯಲ್ಲಿ ಇವೂ ಇರಲಿ

ದಾರಿಗಳ ಮೆಟ್ಟಿಲಿಗೆ ಬಂದಾಗ "ನನಗೆ ಯಾರಿದ್ದಾರೆ" ಎಂಬ ಉತ್ತರವೇ ಹೆಚ್ಚು. ಅದಕ್ಕೇ ಕೋಚ್ ಮೊದಲೇ ಒಂದು ಪಟ್ಟಿ ಮಾಡಿಟ್ಟುಕೊಂಡಿರಬೇಕು. ಪಂಚಾಯಿತಿ ಮಟ್ಟದಲ್ಲಿ ವಿಆರ್‌ಡಬ್ಲ್ಯೂ, ಅಂದರೆ ಅಂಗವಿಕಲರ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಯುಡಿಐಡಿ ಎಂಬ ಅಂಗವೈಕಲ್ಯ ಗುರುತಿನ ಚೀಟಿ, ಮಾಸಾಶನ, ಗಾಲಿಕುರ್ಚಿಯ ಅರ್ಜಿಗೆಲ್ಲ ಮೊದಲು ಅವರನ್ನೇ ಕಾಣಬೇಕು. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಇರುವ ಮಕ್ಕಳಿಗೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ 'ನಿರಾಮಯ' ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಇದೆ. ವಯಸ್ಸಾದವರ ವಿಷಯಕ್ಕೆ ಎಲ್ಡರ್‌ಲೈನ್ ಸಹಾಯವಾಣಿ 14567, ಬೆಳಿಗ್ಗೆ 8ರಿಂದ ರಾತ್ರಿ 8. ಆರೋಗ್ಯ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯ ಹತ್ತಿರ ನಿಮ್ಮ ಬಿಪಿ, ಶುಗರ್ ನೋಡಿಸಿಕೊಳ್ಳಬಹುದು, ಅದಕ್ಕೆಂದು ಪೇಟೆಗೆ ಹೋಗಬೇಕಿಲ್ಲ.

8. ಮನೆಯವರ ಹತ್ತಿರ ಕೆಲಸ ಹಂಚುವ ಮಾತು

ನಾಲ್ಕನೆಯ ಅಥವಾ ಐದನೆಯ ಭೇಟಿಯ ಹೊತ್ತಿಗೆ ಇದು ಬಂದೇ ಬರುತ್ತದೆ. ಕೋಚ್ ಆ ಮಾತುಕತೆಗೆ ಹೋಗಬಾರದು. ನಿಮ್ಮ ಪರವಾಗಿ ಮಾತಾಡಿದರೆ "ಮನೆ ವಿಷಯ ಊರಿಗೆಲ್ಲ ಹೇಳಿದ್ದಾಳೆ" ಎಂದಾಗಿ ಅಲ್ಲಿಗೆ ಎಲ್ಲ ಮುಗಿಯುತ್ತದೆ. ಕೋಚಿನ ಎದುರು ನೀವು ಮಾತನ್ನು ಎರಡು ಸಲ ಆಡಿ ನೋಡಿ, ಆಮೇಲೆ ನೀವೇ ಕೇಳಿ.

"ನೀವೂ ಸ್ವಲ್ಪ ನೋಡಿಕೊಳ್ಳಿ" ಎನ್ನುವುದರಿಂದ ಏನೂ ಆಗುವುದಿಲ್ಲ. ಕೆಲಸ, ದಿನ, ಹೊತ್ತು ಹೇಳಿ. ಬೆಂಗಳೂರಿನಲ್ಲಿರುವ ಮೈದುನನಿಗೆ: "ಅಪ್ಪಯ್ಯನ ಮಾತ್ರೆ ತಿಂಗಳ 25ಕ್ಕೆ ಮುಗೀತದೆ. ಆರ್ಡರ್ ಮಾಡೂದು ಇನ್ಮೇಲೆ ನಿನ್ನ ಜವಾಬ್ದಾರಿ. ಸಂಜೆ ಆರಕ್ಕೆ ಇಪ್ಪತ್ತು ನಿಮಿಷ ಅವ್ರ ಹತ್ರ ವಿಡಿಯೋ ಕಾಲಲ್ಲಿ ಮಾತಾಡು, ನಾನು ಆಗ ಸ್ನಾನ ಮುಗಿಸ್ತೇನೆ." ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ತೋರಿಸಲು ಹೋಗುವ ದಿನದ ಅಪಾಯಿಂಟ್‌ಮೆಂಟ್, ಗಾಡಿ, ರಿಪೋರ್ಟುಗಳ ಫೈಲು, ಇವೆಲ್ಲ ದೂರದಲ್ಲಿದ್ದೂ ಮಾಡಬಹುದಾದ ಕೆಲಸಗಳೇ.

ಹಂಚಿದ ಮೇಲೆ ಬೆನ್ನ ಹಿಂದೆ ನಿಂತು ತಿದ್ದಬೇಡಿ. ಅಂಗಿಯ ಗುಂಡಿ ಮೇಲೆ ಕೆಳಗಾದರೆ ಆಗಲಿ. ಆದರೆ ಮೂರು ಕೆಲಸಗಳನ್ನು ಕಲಿಸದೆ ಬಿಟ್ಟುಕೊಡಲೇಬಾರದು: ನುಂಗಲು ತೊಂದರೆ ಇರುವವರಿಗೆ ಊಟ, ನೀರು ಕೊಡುವುದು (ಲಕ್ವದ ನಂತರ ನೀರು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ಆಗಬಹುದು), ಇನ್ಸುಲಿನ್, ಮತ್ತು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವುದು. ಇವನ್ನು ನರ್ಸ್ ಅಥವಾ ಫಿಸಿಯೋಥೆರಪಿಸ್ಟ್ ಎದುರು ಒಮ್ಮೆ ಮಾಡಿಸಿ. ಮಾತ್ರೆಯ ಹೊತ್ತು, ಊಟದ ಹದ, ಆಂಬ್ಯುಲೆನ್ಸಿನ 108 ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. "ಇದು ಎಲ್ಲಿದೆ, ಅದು ಎಷ್ಟು" ಎಂಬ ಫೋನು ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

9. ಕಾಲಕ್ಕೆ ತಕ್ಕ ಹಾಗೆ

ನಮ್ಮ ಜಿಲ್ಲೆಯಲ್ಲಿ ವರ್ಷದ ಹನ್ನೆರಡು ತಿಂಗಳೂ ಒಂದೇ ವೇಳಾಪಟ್ಟಿ ನಡೆಯುವುದಿಲ್ಲ. ಶಿರಸಿ, ಸಿದ್ದಾಪುರದ ಕಡೆ ಕೊನೆಕೊಯ್ಲಿನ (ಅಡಿಕೆ ಗೊನೆ ಇಳಿಸುವ) ದಿನಗಳಲ್ಲಿ ಆಳುಗಳ ಚಹಾ, ಊಟ, ಅಡಿಕೆ ಬೇಯಿಸುವುದು ಎಲ್ಲ ಒಟ್ಟಿಗೇ ಬರುತ್ತದೆ. ಆ ತಿಂಗಳಲ್ಲಿ ಹೊಸ ಗುರಿ ಹಿಡಿಯಬೇಡಿ, ಇದ್ದದ್ದನ್ನು ಉಳಿಸಿಕೊಂಡರೆ ಸಾಕು. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ, ಘಟ್ಟದ ರಸ್ತೆ ಬಂದಾಗುತ್ತದೆ. ಫೋನ್ ಭೇಟಿ ತಪ್ಪಿದರೆ ನೋಟ್‌ಬುಕ್ಕಿನಲ್ಲಿ ನಾಲ್ಕು ಮೆಟ್ಟಿಲನ್ನು ನೀವೇ ಬರೆಯಿರಿ, ಸಿಗ್ನಲ್ ಬಂದಾಗ ಓದಿ ಹೇಳಿ.

ಕರಾವಳಿಯಲ್ಲಿ ಮಳೆಗಾಲಕ್ಕೇ ಒಂದು ಅನುಕೂಲವಿದೆ. ಯಾಂತ್ರೀಕೃತ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ, ಗಂಡಸರು ದಡದಲ್ಲೇ ಇರುತ್ತಾರೆ. ರಾತ್ರಿ ಪಾಳಿ, ಎತ್ತಿ ಕೂರಿಸುವುದು ಇಂಥ ಕೆಲಸಗಳನ್ನು ಅವರಿಗೆ ಕಲಿಸಿ ಒಪ್ಪಿಸಲು ಆ 61 ದಿನಗಳಿಗಿಂತ ಒಳ್ಳೆಯ ಹೊತ್ತು ಸಿಗದು. ಬಲೆ ಸರಿಮಾಡುವ ಕೆಲಸ ಶುರುವಾಗುವ ಮೊದಲು, ಜೂನ್ ಮೊದಲ ವಾರದಲ್ಲೇ ಕೇಳಿ.

10. ಎಂಟನೇ ಭೇಟಿ

ನಾಲ್ಕು ಅಂಕಗಳನ್ನು ಮತ್ತೆ ಬರೆದು ಮೊದಲಿನದರ ಜೊತೆ ಇಟ್ಟು ನೋಡಿ. ಎಲ್ಲವೂ ಸುಧಾರಿಸಿರಬೇಕೆಂದಿಲ್ಲ. ರೋಗಿಯ ಸ್ಥಿತಿಯೇ ಈ ನಡುವೆ ಕೆಟ್ಟಿದ್ದರೆ ನಿಮ್ಮ ಅಂಕ ಇದ್ದಲ್ಲೇ ಇರುವುದೂ ಗಳಿಕೆಯೇ. ಯಾವ ಹೆಜ್ಜೆ ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಎಂದು ಒಂದು ಪುಟದಲ್ಲಿ ಬರೆದಿಡಿ.

ಆಮೇಲೆ ತಿಂಗಳಿಗೊಮ್ಮೆ 20 ನಿಮಿಷದ ಫೋನ್ ಸಾಕು. ರೋಗಿ ಆಸ್ಪತ್ರೆಗೆ ಸೇರಿ ಮನೆಗೆ ಬಂದಾಗ, ಸಹಾಯಕ್ಕಿದ್ದವರು ಬಿಟ್ಟು ಹೋದಾಗ, ನಿಮಗೇ ಕಾಯಿಲೆ ಬಿದ್ದಾಗ ತಿಂಗಳ ಫೋನಿಗೆ ಕಾಯಬೇಡಿ. ಏಳು ದಿನದ ಲೆಕ್ಕದಿಂದ ಮತ್ತೆ ಶುರು ಮಾಡಿ, ಹಳೆಯ ಲೆಕ್ಕ ಆಗ ನಡೆಯುವುದಿಲ್ಲ. ರೋಗಿ ತೀರಿಕೊಂಡರೆ ಕೋಚ್ ಆದವರು ಅಲ್ಲಿಗೇ ಬಿಡಬಾರದು. ಹದಿಮೂರನೇ ದಿನದ ನಂತರ, ನೆಂಟರೆಲ್ಲ ಹೋದ ಮೇಲೆ, ಎರಡು ಭೇಟಿ ಇಟ್ಟುಕೊಳ್ಳಿ. ಅವುಗಳಿಗೆ ನೋಟ್‌ಬುಕ್ ಬೇಡ.